ತೊಟ್ಟಿಯ ಬೆಳಕು

(ಬಾನುಲಿ ಭಾಷಣ)



ಕಣ್ಣಿಗೆ ಸಂಬಂಧಪಟ್ಟ ವಿಷಯವೊಂದನ್ನು ಕಿವಿಗೆ ಹೇಳುವ ಕೆಲಸ ಇಂದು ನನ್ನ ಪಾಲಿಗೆ ಬಂದಿದೆ. ಚಲಿಸುವ ಚಿತ್ರವನ್ನು ಚೆನ್ನಾಗಿ ತೆಗೆಯುವ ಬಗೆಯನ್ನು ಕುರಿತು ಮಾತನಾಡಬೇಕೆಂದು ನಿಲಯದವರು ಕೇಳಿದಾಗ, ತೋರಿಸಲು ಒಂದು ಚಿತ್ರವೂ ಇಲ್ಲದೆ ಇದನ್ನು ಹೇಳುವುದು ಹೇಗೆಂದು ಮೊದಲು ಅಳುಕಿದೆ. ಆಮೇಲೆ ಯೋಚಿಸಿದರೆ ಇದೇ ತಕ್ಕ ಜಾಗವೆನ್ನಿಸಿತು. ನಾನು ಹೇಳಬೇಕೆಂದಿರುವುದರಲ್ಲಿ ಹೆಚ್ಚು ಪಾಲು ಕ್ಯಾಮರಾವನ್ನು ಕೈಗೆತ್ತಿಕೊಳ್ಳುವುದಕ್ಕೆ ಮುಂಚಿನ ಮಾತು. ಅದಕ್ಕೆ ಚಿತ್ರ ಬೇಕಿಲ್ಲ. ನೀವು ಈಗ ಕುಳಿತಿರುವ ಕೋಣೆ, ಅದಕ್ಕೊಂದು ಕಿಟಕಿ, ಪಕ್ಕದಲ್ಲಿ ಒಬ್ಬ ಮನುಷ್ಯ, ಇಷ್ಟಿದ್ದರೆ ಸಾಕು.

ನಾನು ವೃತ್ತಿಯಿಂದ ಛಾಯಾಗ್ರಾಹಕನಲ್ಲ. ಈ ವಿದ್ಯೆಯ ಬಾಗಿಲಿಗೆ ನಾನು ಬಂದದ್ದು ಆಸೆಯಿಂದಲ್ಲ, ಒಂದು ತಪ್ಪಿನಿಂದ. ಆ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ.

ನನ್ನ ಹುಟ್ಟೂರು ಹಾಸನ ಜಿಲ್ಲೆಯ ಒಂದು ಹಳ್ಳಿ. ಮನೆ ಹಳೆಯ ಕಾಲದ ತೊಟ್ಟಿಯ ಮನೆ. ನಡುವೆ ಆಕಾಶಕ್ಕೆ ತೆರೆದ ಚೌಕ, ಅದರ ಮಧ್ಯೆ ತುಳಸಿಯ ಕಟ್ಟೆ, ಸುತ್ತಲೂ ಕಂಬಗಳ ಪಡಸಾಲೆ. ಆ ಮನೆಯಲ್ಲಿದ್ದವಳು ನನ್ನ ಅಕ್ಕ. ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು, ನನ್ನನ್ನು ಎತ್ತಿ ಆಡಿಸಿದವಳು. ಹಸೆಗೆ ಕರೆಯುವ ಹಾಡು, ಉರುಟಣೆಯ ಹಾಡು, ಆರತಿಯ ಹಾಡು, ಬೀಗರನ್ನು ಹಂಗಿಸುವ ಹಾಡು ಇವೆಲ್ಲ ಅವಳಿಗೆ ಬಾಯಿಪಾಠ. ಬರೆದುಕೊಳ್ಳುತ್ತೇನೆ ಎಂದರೆ, “ಬರಕೊಂಡರೆ ಪದ ಬರುತ್ತೆ, ಹಾಡು ಬರಲ್ಲ ಕಣೋ” ಎನ್ನುತ್ತಿದ್ದಳು. ಅವಳ ಮಾತು ನಿಜ. ಹಾಡುವಾಗ ಅವಳು ಕಣ್ಣನ್ನು ಅರೆಮುಚ್ಚಿ ಮೊಣಕಾಲಿನ ಮೇಲೆ ಎರಡು ಬೆರಳಿನಿಂದ ತಾಳ ಹಾಕುವುದು, ಬೀಗಿತ್ತಿಯ ಹಾಡು ಬಂದಾಗ ತುಟಿಯ ಒಂದು ಕೊನೆಯಲ್ಲಿ ಮಾತ್ರ ನಗುವುದು, ಇವೆಲ್ಲ ಸೇರಿ ಹಾಡಾಗುತ್ತಿತ್ತು.

2019ರಲ್ಲಿ ನಾನು ನಿವೃತ್ತನಾದೆ. ಕೈಗೆ ಬಂದ ಹಣದಲ್ಲಿ ದುಬಾರಿಯಾದ ಒಂದು ಕ್ಯಾಮರಾ ಕೊಂಡೆ. ಕ್ಯಾಮರಾ ದುಬಾರಿಯಾದಷ್ಟೂ ಚಿತ್ರ ಚೆನ್ನಾಗಿ ಬರುತ್ತದೆ ಎಂಬ ನಂಬಿಕೆ ಅಂದು ನನಗಿತ್ತು; ಅಂಗಡಿಯವರಿಗಂತೂ ಇನ್ನೂ ಹೆಚ್ಚಾಗಿತ್ತು. ದೀಪಾವಳಿಗೆ ಊರಿಗೆ ಹೋದವನು ಅಕ್ಕನನ್ನು ಪಡಸಾಲೆಯಲ್ಲಿ ಕೂರಿಸಿದೆ. ಹಿಂದೆ ತುಳಸಿಯ ಕಟ್ಟೆ ಕಂಡರೆ ಅಂದವಾಗಿರುತ್ತದೆ ಎಂದುಕೊಂಡು, ತೊಟ್ಟಿಗೆ ಬೆನ್ನು ಮಾಡಿ ಕೂರಿಸಿದೆ. ಅವಳು ಸುಮಾರು ಒಂದೂವರೆ ಗಂಟೆ ಹಾಡಿದಳು. ನಾನು ಕ್ಯಾಮರಾವನ್ನು ಅವಳ ಕಡೆಗೆ, ತುಳಸಿಯ ಕಡೆಗೆ, ಮಾಡಿನ ಕಡೆಗೆ, ಮತ್ತೆ ಅವಳ ಕಡೆಗೆ ಆಡಿಸುತ್ತಲೇ ಇದ್ದೆ. ದೀಪಾವಳಿಯ ದಿನ ಸುರುಸುರುಬತ್ತಿ ಹಿಡಿದ ಮಗುವಿನ ಕೈ ಒಂದೆಡೆ ನಿಲ್ಲುವುದುಂಟೆ? ಹಾಗಿತ್ತು ನನ್ನ ಕೈ.

ಪಟ್ಟಣಕ್ಕೆ ಮರಳಿ ಟಿ.ವಿ.ಯ ಪರದೆಗೆ ಹಾಕಿ ನೋಡಿದೆ. ತುಳಸಿಯ ಒಂದೊಂದು ಎಲೆಯನ್ನೂ ಎಣಿಸಬಹುದಾಗಿತ್ತು. ಅಕ್ಕನ ಮುಖವಿರಬೇಕಾದ ಕಡೆ ಕರಿಯ ಮಚ್ಚೆಯೊಂದು ಅಲುಗಾಡುತ್ತಿತ್ತು. ಬಲ್ಲವರೊಬ್ಬರಿಂದ ಅದನ್ನು ಬೆಳಗಿಸಿ ನೋಡಿದ್ದಾಯಿತು. ಕಪ್ಪು ಹೋಗಿ ಬೂದಿಯ ಬಣ್ಣವಾಯಿತೇ ಹೊರತು ಮುಖವಾಗಲಿಲ್ಲ. ಧ್ವನಿ ಮಾತ್ರ ಸ್ಪಷ್ಟವಾಗಿತ್ತು. ಅದೂ ನನ್ನ ಜಾಣತನದಿಂದಲ್ಲ. ಆ ಹೊತ್ತು ಕರೆಂಟು ಹೋಗಿ ಫ್ಯಾನು ನಿಂತಿತ್ತು.

“ಚೆನ್ನಾಗಿ ಬಂದಿದೆಯೇನೋ?” ಎಂದು ಅಕ್ಕ ಫೋನಿನಲ್ಲಿ ಕೇಳಿದಳು. “ಬಹಳ ಚೆನ್ನಾಗಿ ಬಂದಿದೆ ಅಕ್ಕ” ಎಂದೆ. ಯುಗಾದಿಗೆ ಹೋಗಿ ಮತ್ತೊಮ್ಮೆ ತೆಗೆದರಾಯಿತು ಎಂದು ಮನಸ್ಸಿನಲ್ಲಿ ಅಂದುಕೊಂಡೆ. 2020ರಲ್ಲಿ ಯುಗಾದಿ ಬಂದದ್ದು ಮಾರ್ಚಿ 25ರಂದು. ದೇಶವೆಲ್ಲ ಬಾಗಿಲು ಹಾಕಿಕೊಂಡ ಮೊದಲ ದಿನವೂ ಅದೇ. ಆ ವರ್ಷದ ಮಳೆಗಾಲದಲ್ಲಿ ಅಕ್ಕ ತೀರಿಕೊಂಡಳು.

ಹೀಗೆ ನನ್ನ ಪಾಠ ಪ್ರಾರಂಭವಾಯಿತು.

ಮೊದಲ ಪ್ರಶ್ನೆ, ಅಂದು ನನ್ನ ಕಣ್ಣಿಗೆ ಕಂಡ ಮುಖ ಕ್ಯಾಮರಾಕ್ಕೆ ಏಕೆ ಕಾಣಲಿಲ್ಲ ಎಂಬುದು. ನಮ್ಮ ಕಣ್ಣು ಬಹಳ ಉದಾರಿ. ಹೊರಗಿನ ಬಿಸಿಲನ್ನೂ ಒಳಗಿನ ನಸುಗತ್ತಲನ್ನೂ ಒಟ್ಟಿಗೆ ನಿಭಾಯಿಸುತ್ತದೆ. ಸಾಲದ್ದನ್ನು ಮನಸ್ಸು ತುಂಬಿಕೊಡುತ್ತದೆ. ಅಕ್ಕನ ಮುಖವನ್ನು ನಾನು ಕಂಡೆನೋ, ಅರವತ್ತು ವರ್ಷದ ಪರಿಚಯದಿಂದ ತುಂಬಿಕೊಂಡೆನೋ ಹೇಳಲಾರೆ. ಕ್ಯಾಮರಾಕ್ಕೆ ಅಂಥ ಪರಿಚಯವಿಲ್ಲ. ನಾವು ಏನನ್ನೂ ಹೇಳದೆ ಅದರ ಪಾಡಿಗೆ ಬಿಟ್ಟರೆ, ಅದು ತನ್ನ ಮುಂದಿನ ಬೆಳಕನ್ನೆಲ್ಲ ಕೂಡಿಸಿ ಒಂದು ಸರಾಸರಿ ತೆಗೆದು, ಆ ಲೆಕ್ಕಕ್ಕೆ ಕಿಂಡಿಯನ್ನು ಹೊಂದಿಸಿಕೊಳ್ಳುತ್ತದೆ. ಹಿಂದೆ ಆಕಾಶ ಧಗಧಗಿಸುತ್ತಿದ್ದರೆ, ಬೆಳಕು ಬೇಕಾದಷ್ಟಿದೆಯೆಂದು ಕಿಂಡಿಯನ್ನು ಕುಗ್ಗಿಸುತ್ತದೆ. ಮುಂದಿರುವ ಮುಖ ಕತ್ತಲಲ್ಲಿ ಉಳಿಯುತ್ತದೆ. ಲಕ್ಷ ರೂಪಾಯಿಯ ಕ್ಯಾಮರಾ ಇರಲಿ, ಹತ್ತು ಸಾವಿರದ ಮೊಬೈಲು ಇರಲಿ, ಈ ಲೆಕ್ಕದಲ್ಲಿ ಎರಡೂ ಒಂದೇ ಜಾತಿ.

ಇಂಗ್ಲಿಷಿನಲ್ಲಿ ಈ ಕಲೆಗೆ ಇರುವ ಹೆಸರು ‘ಬೆಳಕಿನಿಂದ ಬರೆಯುವುದು’ ಎಂಬ ಅರ್ಥದ ಗ್ರೀಕ್ ಮಾತುಗಳಿಂದ ಬಂದದ್ದು. ನಾವು ಅದನ್ನು ಛಾಯಾಗ್ರಹಣ ಎಂದೆವು. ಛಾಯೆ ಎಂದರೆ ನೆರಳೂ ಹೌದು, ಪ್ರತಿಬಿಂಬವೂ ಹೌದು, ಕಾಂತಿಯೂ ಹೌದು. ಈ ಹೆಸರು ಹೆಚ್ಚು ನಿಖರವಾದದ್ದೆಂದು ನನಗೆ ತೋರುತ್ತದೆ. ಮುಖಕ್ಕೆ ಉಬ್ಬುತಗ್ಗು ಕೊಡುವುದು ಬೆಳಕೊಂದೇ ಅಲ್ಲ, ಅದರ ಪಕ್ಕದ ನೆರಳು. ಎಲ್ಲ ಕಡೆಯಿಂದಲೂ ಬೆಳಕು ಬಿದ್ದ ಮುಖ ಚಪಾತಿಯ ಹಾಗೆ ಚಪ್ಪಟೆಯಾಗಿ ಕಾಣುತ್ತದೆ. ಯಾವ ಕಡೆಯಿಂದ ಎಷ್ಟು ಬೆಳಕು, ಅದರ ಮಗ್ಗುಲಲ್ಲಿ ಎಷ್ಟು ನೆರಳು ಎಂಬುದನ್ನು ಬಲ್ಲವನು ಛಾಯಾಗ್ರಾಹಕ.

ಇದನ್ನು ಕಲಿಯಲು ನಾನು ಹಿಡಿದ ಗುರು ಒಂದು ತೆಂಗಿನಕಾಯಿ. ನಾರು ಸುಲಿದ ಕಾಯಿಗೆ ಕಣ್ಣಿರುತ್ತದಷ್ಟೆ. ಗುಂಡಗೆ ತಲೆಯ ಹಾಗೆಯೂ ಇರುತ್ತದೆ. ಅದನ್ನು ಸ್ಟೂಲಿನ ಮೇಲೆ ಇಟ್ಟು, ಕಿಟಕಿಗೆ ಎದುರಾಗಿ, ಓರೆಯಾಗಿ, ಪಕ್ಕಕ್ಕೆ, ಬೆನ್ನು ಮಾಡಿ ಹೀಗೆಲ್ಲ ತಿರುಗಿಸಿ ದಿನವೂ ಅರ್ಧ ಗಂಟೆ ನೋಡುತ್ತ ಕೂರುತ್ತಿದ್ದೆ. ಕ್ಯಾಮರಾ ಪೆಟ್ಟಿಗೆಯಲ್ಲೇ ಇತ್ತು. “ಏನ್ರೀ ಇದು, ಕಾಯಿಯ ಚಿತ್ರ ತೆಗೀತಿದೀರೋ, ದೃಷ್ಟಿ ತೆಗೀತಿದೀರೋ?” ಎಂದು ನನ್ನ ಹೆಂಡತಿ ಕೇಳಿದಳು. ಅವಳು ನಕ್ಕರೂ ಮಾತು ಸರಿಯಾಗಿಯೇ ಇತ್ತು. ನನಗೆ ಬೇಕಾಗಿದ್ದುದು ದೃಷ್ಟಿಯೇ.

ಕೆಲವು ವಾರಗಳಲ್ಲಿ ಮೂರು ಸಂಗತಿಗಳು ತಿಳಿದವು. ಕಿಟಕಿಗೆ ನೇರ ಎದುರಾಗಿಟ್ಟರೆ ಕಾಯಿ ಬೆಳ್ಳಗೆ, ಸಪ್ಪೆಯಾಗಿ ಕಾಣುತ್ತದೆ. ಸ್ವಲ್ಪ ಓರೆಯಾಗಿಟ್ಟರೆ ಒಂದು ಕೆನ್ನೆಗೆ ಬೆಳಕು, ಇನ್ನೊಂದಕ್ಕೆ ನೆರಳು ಬಂದು ದುಂಡಗಾಗುತ್ತದೆ. ನೆರಳಿನ ಮಗ್ಗುಲು ತೀರ ಕಪ್ಪಾದರೆ ಆ ಪಕ್ಕದ ಕುರ್ಚಿಯ ಮೇಲೆ ಬಿಳಿಯ ಪಂಚೆಯೊಂದನ್ನು ಹರಡಿದರೆ ಸಾಕು. ಕಿಟಕಿಯ ಬೆಳಕು ಅದಕ್ಕೆ ತಾಗಿ ಹಿಂದಿರುಗಿ ಕತ್ತಲನ್ನು ತಿಳಿಯಾಗಿಸುತ್ತದೆ.

ಪಂಚೆಯ ಉಪಾಯ ನನ್ನ ಸ್ವಂತದ್ದೆಂದು ಕೆಲವು ದಿನ ಹೆಮ್ಮೆಪಟ್ಟೆ. ಆಮೇಲೆ ಓದಿದಾಗ ನಮಗಿಂತ ಹಿಂದಿನವರ ನೆನಪು ತಿಳಿದು ತಲೆ ಬಾಗಿತು. ಸತ್ಯಜಿತ್ ರಾಯರ ‘ಪಥೇರ್ ಪಾಂಚಾಲಿ’ 1955ರಲ್ಲಿ ತೆರೆ ಕಂಡಿತು. ಅದರ ಛಾಯಾಗ್ರಾಹಕ ಸುಬ್ರತ ಮಿತ್ರ, ಚಿತ್ರೀಕರಣ ಮೊದಲಾದಾಗ ಇಪ್ಪತ್ತರ ಆಸುಪಾಸಿನ ಹುಡುಗ. ಅದಕ್ಕೆ ಮುಂಚೆ ಚಲಚ್ಚಿತ್ರದ ಕ್ಯಾಮರಾ ನಡೆಸಿದವರೇ ಅಲ್ಲ. ಆದರೆ ಫ್ರೆಂಚ್ ನಿರ್ದೇಶಕ ಝಾನ್ ರೆನ್ವಾ ‘ದಿ ರಿವರ್’ ಚಿತ್ರಕ್ಕಾಗಿ ಬಂಗಾಳಕ್ಕೆ ಬಂದಿದ್ದಾಗ, ಆ ಹುಡುಗ ದಿನದಿನವೂ ಪಕ್ಕದಲ್ಲಿ ನಿಂತು ನೋಡುತ್ತ, ದೀಪ ಎಲ್ಲಿತ್ತು, ಕ್ಯಾಮರಾ ಎಲ್ಲಿತ್ತು, ಪಾತ್ರಧಾರಿ ಹೇಗೆ ನಡೆದ ಎಂಬುದನ್ನೆಲ್ಲ ಪುಸ್ತಕದಲ್ಲಿ ಗೆರೆ ಎಳೆದು ಬರೆದಿಟ್ಟುಕೊಂಡಿದ್ದರು. ಕ್ಯಾಮರಾ ಮುಟ್ಟುವುದಕ್ಕೆ ಮೊದಲೇ ಅವರ ಕಣ್ಣು ಪಳಗಿತ್ತು.

ಮರುವರ್ಷದ ‘ಅಪರಾಜಿತೊ’ ಚಿತ್ರದಲ್ಲಿ ಕಾಶಿಯ ಮನೆಯೊಂದರ ಒಳ ಅಂಗಳ ಬರುತ್ತದೆ. ನಮ್ಮ ತೊಟ್ಟಿಯ ಹಾಗೆಯೇ ಮೇಲಕ್ಕೆ ತೆರೆದದ್ದು. ಅದನ್ನು ಕಲಾನಿರ್ದೇಶಕ ಬನ್ಸಿ ಚಂದ್ರಗುಪ್ತರು ಕಲ್ಕತ್ತೆಯ ಸ್ಟುಡಿಯೋದೊಳಗೆ ಕಟ್ಟಿದ್ದರು. ಸ್ಟುಡಿಯೋದ ದೀಪಗಳನ್ನು ನೇರವಾಗಿ ಬಿಟ್ಟರೆ ಒಬ್ಬೊಬ್ಬರಿಗೂ ಮೂರು ನಾಲ್ಕು ಚೂಪಾದ ನೆರಳು. ತೆರೆದ ಅಂಗಳದ ಬೆಳಕು ಹಾಗಿರುವುದಿಲ್ಲ. ಅದು ಸೂರ್ಯನಿಂದ ನೇರವಾಗಿ ಬರದೆ ಇಡೀ ಆಕಾಶದಿಂದ ಸೋಸಿ ಇಳಿಯುತ್ತದೆ. ಮಿತ್ರರು ಸೆಟ್ಟಿನ ಮೇಲೆ ಬಿಳಿಯ ಬಟ್ಟೆಯನ್ನು ಚಪ್ಪರದಂತೆ ಬಿಗಿದು, ದೀಪಗಳನ್ನು ಕೆಳಗಿನಿಂದ ಬಟ್ಟೆಯತ್ತ ತಿರುಗಿಸಿದರು. ಬಟ್ಟೆಯೇ ಆಕಾಶವಾಯಿತು. ಇವತ್ತು ಲೋಕದ ಎಲ್ಲ ಕಡೆ ಮರುಬಿಂಬಿಸಿದ ಬೆಳಕಿನಲ್ಲಿ ಚಿತ್ರ ತೆಗೆಯುವುದು ಸಾಮಾನ್ಯ ಸಂಗತಿ. 1956ರಷ್ಟು ಹಿಂದೆಯೇ ಒಬ್ಬ ತರುಣ ಒಂದು ತುಂಡು ಬಟ್ಟೆಯಿಂದ ಅದನ್ನು ಸಾಧಿಸಿದ್ದ.

ನಮ್ಮ ಮೈಸೂರಿನವರದೇ ಇನ್ನೊಂದು ನಿದರ್ಶನವಿದೆ. ವಿ.ಕೆ. ಮೂರ್ತಿ ಹುಟ್ಟಿದ್ದು 1923ರಲ್ಲಿ, ಮೈಸೂರಿನಲ್ಲಿ. ಛಾಯಾಗ್ರಹಣ ಕಲಿತದ್ದು ಬೆಂಗಳೂರಿನಲ್ಲಿ, ಜಯಚಾಮರಾಜೇಂದ್ರರ ಹೆಸರಿನ ಸಂಸ್ಥೆಯಲ್ಲಿ. ಗುರುದತ್ತರ ‘ಕಾಗಜ್ ಕೆ ಫೂಲ್’ 1959ರ ಚಿತ್ರ, ಭಾರತದ ಮೊದಲ ಸಿನಿಮಾಸ್ಕೋಪ್. ಅದರಲ್ಲಿ ಬರಿದಾದ ಸ್ಟುಡಿಯೋದ ಕತ್ತಲೆಯನ್ನು ಸೀಳಿಕೊಂಡು ಮೇಲಿನಿಂದ ಬೆಳಕಿನ ಕೋಲೊಂದು ಇಳಿಯುತ್ತದೆ. ನೋಡಿದವರು ಮರೆಯುವುದಿಲ್ಲ. ಅದಕ್ಕೆ ಬಳಸಿದ್ದು ಬಿಸಿಲು ಮತ್ತು ಎರಡು ದೊಡ್ಡ ಕನ್ನಡಿಗಳು. ಒಂದು ಕನ್ನಡಿ ಬಿಸಿಲನ್ನು ಹಿಡಿದು ಇನ್ನೊಂದಕ್ಕೆ ಎಸೆಯಿತು, ಎರಡನೆಯದು ಅದನ್ನು ಒಳಕ್ಕೆ ಬಿಟ್ಟಿತು. ಮೂರ್ತಿಯವರಿಗೆ 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಅದು ದೊರೆತದ್ದು ಅದೇ ಮೊದಲು. ಬಿಳಿ ಬಟ್ಟೆ ಮತ್ತು ಕನ್ನಡಿ, ಇವೆರಡೂ ಇಲ್ಲದ ಮನೆ ನಮ್ಮಲ್ಲಿ ಯಾವುದಿದೆ?

ಹಾಗೆಂದು ಉಪಕರಣಕ್ಕೆ ಬೆಲೆಯೇ ಇಲ್ಲವೆಂದು ನಾನು ವಾದಿಸುವುದಿಲ್ಲ. ಮಂದ ಬೆಳಕಿನಲ್ಲಿ ಒಳ್ಳೆಯ ಮಸೂರ ಮಾಡುವ ಕೆಲಸವನ್ನು ಕಿರಿದಾದ ಮಸೂರ ಮಾಡಲಾರದು. ಆದರೆ ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬಬಹುದು. ಅಮೆರಿಕದ ಶಾನ್ ಬೇಕರ್ ತಮ್ಮ ‘ಟ್ಯಾಂಜರೀನ್’ ಎಂಬ ಚಿತ್ರವನ್ನು ಐಫೋನಿನಲ್ಲೇ ತೆಗೆದರು. 2015ರಲ್ಲಿ ಅದು ಚಿತ್ರಮಂದಿರಗಳಲ್ಲಿ ಓಡಿತು. ಕಣ್ಣು ಪಳಗದವನ ಕೈಗೆ ಏನು ಕೊಟ್ಟರೂ ಕರಿಯ ಮಚ್ಚೆಯೇ ಬರುತ್ತದೆಂಬುದಕ್ಕೆ ನಾನೇ ಸಾಕ್ಷಿ.

ಬೆಳಕಿನ ನಂತರದ ಪಾಠ ಸ್ಥೈರ್ಯದ್ದು. ಕ್ಯಾಮರಾ ಕೈಗೆ ಬಂದೊಡನೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ತೋರಿಸುವ ಆತುರ ಹುಟ್ಟುತ್ತದೆ. ಅದನ್ನು ತಡೆಯಲು ಒಂದು ಸಣ್ಣ ವ್ರತ ಹಿಡಿದೆ. ಏನನ್ನು ತೋರಿಸಬೇಕೆಂದು ಮೊದಲು ತೀರ್ಮಾನಿಸು. ಕ್ಯಾಮರಾವನ್ನು ಅಲ್ಲಿ ನಿಲ್ಲಿಸು. ಮನಸ್ಸಿನಲ್ಲಿ ಒಂದರಿಂದ ಹತ್ತರವರೆಗೆ ಎಣಿಸು. ಆಮೇಲೆ ಬೇಕಾದರೆ ಜಾಗ ಬದಲಿಸು. ಮೂರು ಕಾಲಿನ ಸ್ಟ್ಯಾಂಡು ಇಲ್ಲದಿದ್ದರೆ ಎರಡು ಮೊಣಕೈಗಳನ್ನೂ ಪಕ್ಕೆಗೆ ಒತ್ತಿ, ಕಂಬಕ್ಕೋ ಗೋಡೆಗೋ ಒರಗಿ ನಿಂತರಾಯಿತು. ಹತ್ತು ಎಣಿಸುವುದು ಎಷ್ಟು ದೀರ್ಘವೆಂದು ಮೊದಲ ಸಲ ಎಣಿಸಿದವರಿಗೆ ಗೊತ್ತಾಗುತ್ತದೆ.

ಹೀಗೆ ನಿಲ್ಲಿಸಿ ತೆಗೆಯುವುದಕ್ಕೆ ಮೂರು ದೂರಗಳಿವೆ. ನಿಮ್ಮ ತಾಯಿ ಒಬ್ಬಟ್ಟು ಮಾಡುತ್ತಿದ್ದಾರೆನ್ನಿ. ದೂರದಿಂದ ಇಡೀ ಅಡಿಗೆಮನೆ: ಇದು ಎಲ್ಲಿ ಎಂಬುದನ್ನು ಹೇಳುತ್ತದೆ. ನಡುದೂರದಿಂದ ಒಲೆಯ ಮುಂದಿನ ತಾಯಿ: ಇದು ಯಾರು ಎಂಬುದನ್ನು ಹೇಳುತ್ತದೆ. ತೀರ ಹತ್ತಿರದಿಂದ ಬಾಳೆಯೆಲೆಯ ಮೇಲೆ ಕಣಕ ತಟ್ಟುವ ಬೆರಳು, ಕಾವಲಿಯ ಮೇಲೆ ಉಬ್ಬುವ ಒಬ್ಬಟ್ಟು: ಇದು ಹೇಗೆ ಎಂಬುದನ್ನು ಹೇಳುತ್ತದೆ. ಮೂರನ್ನೂ ಬೇರೆ ಬೇರೆಯಾಗಿ ತೆಗೆದು ಆಮೇಲೆ ಜೋಡಿಸಿದರೆ ವೃತ್ತಿಯವರು ತೆಗೆದಂತೆ ಕಾಣುತ್ತದೆ. ಹತ್ತಿರದ ನೋಟಕ್ಕೆ ಮೊಬೈಲಿನ ಪರದೆಯನ್ನು ಬೆರಳಿನಿಂದ ಹಿಗ್ಗಿಸಬೇಡಿ. ಎರಡು ಹೆಜ್ಜೆ ಮುಂದೆ ನಡೆಯಿರಿ. ಇಬ್ಬರು ಎದುರುಬದುರಾಗಿ ಮಾತನಾಡುತ್ತಿದ್ದರೆ, ಅವರಿಬ್ಬರ ನಡುವೆ ಒಂದು ದಾರ ಕಟ್ಟಿದೆಯೆಂದು ಭಾವಿಸಿ, ದಾರದ ಒಂದೇ ಪಕ್ಕದಲ್ಲಿ ನಿಂತು ತೆಗೆಯಿರಿ. ದಾಟಿದರೆ, ಎಡಕ್ಕೆ ನೋಡುತ್ತಿದ್ದವರು ತಟ್ಟನೆ ಬಲಕ್ಕೆ ನೋಡಿ, ಇಬ್ಬರೂ ಜಗಳವಾಡಿ ಮುಖ ತಿರುಗಿಸಿದಂತೆ ಕಾಣುತ್ತದೆ.

ಇನ್ನು ಕೆಲವು ಸಣ್ಣ ಮಾತುಗಳು. ಚಿತ್ರ ತೆಗೆಯುವ ಮುನ್ನ ಗಾಜನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ. ಮಂಜು ಕವಿದಂತಿರುವ ಎಷ್ಟೋ ಚಿತ್ರಗಳಿಗೆ ಕಾರಣ ಬೆರಳಿನ ಎಣ್ಣೆ. ಮೊಬೈಲಾದರೆ ಪರದೆಯ ಮೇಲೆ ಮುಖವಿರುವ ಕಡೆ ಬೆರಳನ್ನು ಒತ್ತಿ ಹಿಡಿಯಿರಿ. ಹೆಚ್ಚಿನವುಗಳಲ್ಲಿ ಬೆಳಕಿನ ಲೆಕ್ಕ ಆ ಮುಖಕ್ಕೆ ಹೊಂದಿಕೊಂಡು ಅಲ್ಲೇ ನಿಲ್ಲುತ್ತದೆ. ಈ ಒಂದು ಸಂಗತಿ ನನಗೆ ಅಂದು ತಿಳಿದಿದ್ದರೆ! ಕಿಟಕಿಯ ಬೆಳಕು ಸಾಕಷ್ಟಿದ್ದರೆ ಬಲ್ಬನ್ನು ಆರಿಸಿ. ಹಳೆಯ ಬಗೆಯ ಬಲ್ಬಿನ ಬೆಳಕು ಹಳದಿ, ಆಕಾಶದ್ದು ನೀಲಿ, ಎರಡೂ ಬೆರೆತರೆ ಮುಖ ರೋಗಿಯ ಮುಖದಂತೆ ಕಾಣುತ್ತದೆ. ದೀಪ ಹಾಕಲೇಬೇಕಾದರೆ ಇನ್ನೊಂದು ಎಚ್ಚರ ಬೇಕು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು; ಹಳೆಯ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕ್ಯಾಮರಾದಲ್ಲಿ ಸೆಕೆಂಡಿಗೆ 25 ಬಿಡಿಚಿತ್ರ, ಒಂದೊಂದಕ್ಕೂ 1/50 ಸೆಕೆಂಡು ಎಂದು ಹೊಂದಿಸಿದರೆ ಆ ಮಿನುಗು ಪಟ್ಟೆಪಟ್ಟೆಯಾಗಿ ಕಾಣಿಸುವುದಿಲ್ಲ. ಕಡೆಯದಾಗಿ ಧ್ವನಿ. ಚಿತ್ರ ಸ್ವಲ್ಪ ಮಸುಕಾದರೆ ನೋಡುವವರು ಮನ್ನಿಸುತ್ತಾರೆ. ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಇನ್ನೊಂದು ಮೊಬೈಲಿದ್ದರೆ ಧ್ವನಿಗೆಂದೇ ಮಾತನಾಡುವವರ ಹತ್ತಿರ, ಚಿತ್ರದ ಚೌಕಟ್ಟಿನ ಆಚೆ ಇಡಿ. ಫ್ಯಾನು ನಿಲ್ಲಿಸಿ. ಕರೆಂಟು ಹೋಗುವುದನ್ನು ಕಾಯಬೇಕಿಲ್ಲ.

ಇಷ್ಟನ್ನು ಕಲಿಯುವ ಹೊತ್ತಿಗೆ ಎರಡು ವರ್ಷ ಕಳೆದಿತ್ತು. ಊರಿನಲ್ಲಿ ನನ್ನ ಚಿಕ್ಕಮ್ಮ ಇದ್ದರು, ಎಂಬತ್ತು ದಾಟಿದವರು. ಅಕ್ಕನ ಜೊತೆ ಮದುವೆ ಮನೆಗಳಲ್ಲಿ ದನಿಗೂಡಿಸುತ್ತಿದ್ದವರು ಅವರೇ. ಅವರನ್ನು ನೋಡಲು ಹೋದಾಗ ನನ್ನ ಕ್ಯಾಮರಾ ಪಟ್ಟಣದಲ್ಲೇ ಉಳಿದಿತ್ತು. ಅಣ್ಣನ ಮೊಮ್ಮಗಳ ಹತ್ತಿರ, ಪರದೆಯ ಮೂಲೆ ಒಡೆದ ಹಳೆಯ ಮೊಬೈಲೊಂದಿತ್ತು. ಅದೇ ಸಾಕೆಂದೆ. ಚಿಕ್ಕಮ್ಮನನ್ನು ಅದೇ ಪಡಸಾಲೆಗೆ ಕರೆತಂದು, ಈ ಸಲ ತೊಟ್ಟಿಗೆ ಓರೆಯಾಗಿ ಮುಖ ಮಾಡಿ ಕೂರಿಸಿದೆ. ನೆರಳಿನ ಮಗ್ಗುಲಿಗೆ ಒಂದು ಬಿಳಿಯ ಪಂಚೆ ಹರಡಿದೆ. “ಗೋಡೆ ಕಡೆ ಯಾಕೆ ಹಿಂದು ಮಾಡಿಸ್ತೀಯೋ, ತುಳಸಿ ಕಾಣಬೇಡವೇನೋ?” ಎಂದರು. “ತುಳಸಿ ಒಂದು ಸಲ ಬಂದಿದೆ ಚಿಕ್ಕಮ್ಮ, ಈ ಸಲ ನೀವು ಬರಬೇಕು” ಎಂದೆ.

ಹಸೆಯ ಹಾಡನ್ನು ಎತ್ತಿಕೊಂಡರು. ಮುಖದ ಮೇಲೆ ಆಕಾಶದ ಬೆಳಕು ಮೆಲ್ಲಗೆ ಇಳಿದಿತ್ತು. ಒಂದೊಂದು ಸುಕ್ಕೂ ಕಾಣುತ್ತಿತ್ತು, ಯಾವುದೂ ಕಠಿಣವಾಗಿ ಕಾಣುತ್ತಿರಲಿಲ್ಲ. ನಾಲ್ಕು ನುಡಿ ಹಾಡಿ ಚಿಕ್ಕಮ್ಮ ನಿಂತುಬಿಟ್ಟರು. ತುಟಿ ಅಲುಗುತ್ತಿತ್ತು, ಪದ ಬರಲಿಲ್ಲ. ಹಳೆಯ ನಾನಾಗಿದ್ದರೆ ಆ ಕ್ಷಣ ಗುಂಡಿ ಒತ್ತಿ ನಿಲ್ಲಿಸಿಬಿಡುತ್ತಿದ್ದೆ. ವ್ರತ ನೆನಪಾಯಿತು. ಕಂಬಕ್ಕೆ ಒರಗಿ ಮನಸ್ಸಿನಲ್ಲಿ ಎಣಿಸತೊಡಗಿದೆ. ಏಳೋ ಎಂಟೋ ಎನ್ನುವಾಗ ಚಿಕ್ಕಮ್ಮ ತೊಟ್ಟಿಯ ಕಡೆಗೆ ನೋಡುತ್ತ, “ಮುಂದಿಂದು ನಿಮ್ಮಕ್ಕನಿಗೆ ಬರ್ತಿತ್ತು ಕಣಪ್ಪ” ಎಂದರು. ಎರಡು ಬೆರಳಿನಿಂದ ಮೊಣಕಾಲಿನ ಮೇಲೆ ತಾಳ ಮಾತ್ರ ಹಾಕುತ್ತಲೇ ಇದ್ದರು.

ಮುಂದಿನ ನುಡಿಗಳು ಅಕ್ಕನ ಧ್ವನಿಯಲ್ಲಿ ನನ್ನ ಹತ್ತಿರ ಇದ್ದವು. ಮನೆಗೆ ಬಂದು ಚಿಕ್ಕಮ್ಮನ ಆ ಮೌನದ ಹಿಂದೆ ಅವನ್ನು ಸೇರಿಸಿದೆ. ಅಕ್ಕನ ಮುಖ ಬರಲಿಲ್ಲ. ಅದು ಇನ್ನು ಬರುವುದಿಲ್ಲ. ಅವಳಿಗೆ ಹೇಳಿದ ಸುಳ್ಳೂ ಹಾಗೆಯೇ ಉಳಿದಿದೆ. ಆದರೆ ಅವಳ ಹಾಡಿಗೆ ಕಿವಿಗೊಟ್ಟಂತಿರುವ ಒಂದು ಮುಖ ಇದೆ. ಮನೆಯ ಮಕ್ಕಳು ಅದನ್ನು ನೋಡಿ ಈಗ ಆ ಹಸೆಯ ಹಾಡನ್ನು ಪೂರ್ತಿಯಾಗಿ ಕಲಿತಿದ್ದಾರೆ.

ನಿಮ್ಮ ಮನೆಯಲ್ಲೂ ಏನನ್ನೋ ಬಲ್ಲ ಹಿರಿಯರು ಒಬ್ಬರಿರಬಹುದು. ಹಾಡೋ, ಕತೆಯೋ, ಮಾವಿನ ಮಿಡಿಯ ಉಪ್ಪಿನಕಾಯಿಯ ಹದವೋ. ಹೊಸ ಕ್ಯಾಮರಾ ಬರಲೆಂದು ಕಾಯಬೇಡಿ. ಇರುವುದರ ಗಾಜನ್ನು ಒರೆಸಿ. ಅವರ ಮುಖವನ್ನು ಬೆಳಕಿನ ಕಡೆಗೆ ತಿರುಗಿಸಿ ಕೂರಿಸಿ. ಅವರು ಮಾತು ನಿಲ್ಲಿಸಿದ ಮೇಲೂ ಹತ್ತು ಎಣಿಸಿ. ಹಬ್ಬಕ್ಕೆ ಹೋದಾಗ ನೋಡೋಣ ಎಂದು ಮಾತ್ರ ಮುಂದೂಡಬೇಡಿ.